ಪಿಸುಮಾತಿನ ಜಾನ್

1947ರ ಡಿಸೆಂಬರ್ 23. ಕ್ರಿಸ್‌ಮಸ್‌ಗೆ ಇನ್ನೆರಡೇ ದಿನ. ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿರುವ ಬೆಲ್ ಪ್ರಯೋಗಾಲಯದ ಒಂದು ಕೋಣೆಯಲ್ಲಿ ಸಂಸ್ಥೆಯ ಹಿರಿಯರು ಸೇರಿದ್ದರು. ಮೇಜಿನ ಮೇಲಿದ್ದದ್ದು ನೋಡಲು ಅಂದವೇನೂ ಇಲ್ಲದ ಜೋಡಣೆ. ಪ್ಲಾಸ್ಟಿಕ್‌ನ ಪುಟ್ಟ ತ್ರಿಕೋನ, ಅದರ ಅಂಚಿಗೆ ಅಂಟಿಸಿದ ಚಿನ್ನದ ತೆಳು ಹಾಳೆ. ಆ ಹಾಳೆಯನ್ನು ತುದಿಯಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಸೀಳಿ ಎರಡು ಮಾಡಿದ್ದರು. ಒಂದು ಸ್ಪ್ರಿಂಗು ಆ ತುದಿಯನ್ನು ಜರ್ಮೇನಿಯಂ ಚೂರಿನ ಮೇಲೆ ಒತ್ತಿ ಹಿಡಿದಿತ್ತು. ಈಚೆಗೆ ಮೈಕು, ಆಚೆಗೆ ಹೆಡ್‌ಫೋನು. ಸ್ವಿಚ್ಚು ಹಾಕಿದರೆ ಮಾತು ಜೋರಾಗಿ ಕೇಳುತ್ತಿತ್ತು, ತೆಗೆದರೆ ಸಣ್ಣಗಾಗುತ್ತಿತ್ತು. ದನಿಯ ಗುಣ ಮಾತ್ರ ಕೆಟ್ಟಿರಲಿಲ್ಲ. ಶಕ್ತಿಯ ಲೆಕ್ಕದಲ್ಲಿ ಸುಮಾರು 18 ಪಟ್ಟು ಏರಿಕೆ ಎಂದು ಮರುದಿನ ನೋಟ್‌ಬುಕ್ಕಿನಲ್ಲಿ ದಾಖಲಾಯಿತು. ಅಂದು ಅಲ್ಲಿದ್ದವರಲ್ಲಿ ಹಾರ್ವಿ ಫ್ಲೆಚರ್ ಒಬ್ಬರು. ಮನುಷ್ಯನ ಕಿವಿಗೆ ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂದು ಅಳೆದವರು. ಹಳೆಯ ಆಂಪ್ಲಿಫಯರ್‌ಗಳ ಮೇಲಿನ ಲೌಡ್‌ನೆಸ್ ಗುಂಡಿಗೆ ಅವರ ಅಳತೆಯೇ ಆಧಾರ.

ನಮ್ಮ ಊರುಗಳಲ್ಲಿ ಟ್ರಾನ್ಸಿಸ್ಟರ್ ಎಂದರೆ ರೇಡಿಯೊ. ಹೊಲಕ್ಕೆ ಹೋಗುವಾಗ ಹೆಗಲಿಗೆ ನೇತುಹಾಕಿಕೊಳ್ಳುತ್ತಿದ್ದ, ಚರ್ಮದ ಕವಚದ ಆ ಪೆಟ್ಟಿಗೆಗೇ ಆ ಹೆಸರು. ಐರೋಳಿ, ಮಹಾಪೆಯ ಗಾಜಿನ ಕಟ್ಟಡಗಳಲ್ಲಿ ಕೂತು ಕೋಡ್ ಬರೆಯುವ ನಮ್ಮಂಥವರಿಗೆ ಅದು ಪ್ರೊಸೆಸರ್ ಒಳಗಿನ ಕೋಟಿಗಟ್ಟಲೆ ಸ್ವಿಚ್ಚು. ಊರಿನವರ ಅರ್ಥವೇ ಮೂಲಕ್ಕೆ ಹತ್ತಿರ. ಟ್ರಾನ್ಸಿಸ್ಟರ್ ಲೋಕಕ್ಕೆ ಮುಖ ತೋರಿಸಿದ್ದು ಸೊನ್ನೆ-ಒಂದುಗಳ ಲೆಕ್ಕ ಮಾಡುತ್ತ ಅಲ್ಲ, ಸಣ್ಣ ದನಿಯನ್ನು ಕೆಡಿಸದೆ ದೊಡ್ಡದು ಮಾಡುತ್ತ. ಇಂದಿನ ಆಡಿಯೊ ಮಾತಿನಲ್ಲಿ ಅದು ಪ್ರಿಆಂಪ್ಲಿಫಯರ್‌ನ ಕೆಲಸ.

ಅದನ್ನು ಮಾಡಿದ್ದು ಇಬ್ಬರು. ಕೈ ವಾಲ್ಟರ್ ಬ್ರಟೈನ್ ಅವರದು, ತಲೆ ಜಾನ್ ಬಾರ್ಡೀನ್ ಅವರದು. ಭೌತಶಾಸ್ತ್ರದಲ್ಲಿ ಎರಡು ಸಲ ನೊಬೆಲ್ ಪಡೆದ ಒಬ್ಬರೇ ಮನುಷ್ಯ ಬಾರ್ಡೀನ್. ತಮಾಷೆಯೆಂದರೆ ದನಿ ಹಿಗ್ಗಿಸುವ ಸಾಧನ ಮಾಡಿದ ಇವರ ದನಿಯೇ ಎದುರಿನ ಬೆಂಚಿಗೆ ಕೇಳುತ್ತಿರಲಿಲ್ಲ. ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು ಪಿಸುಮಾತಿನ ಜಾನ್. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮೊದಲು ದೀರ್ಘ ಮೌನ. ಪರಿಚಯವಿಲ್ಲದವರು ಪ್ರಶ್ನೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳುವಷ್ಟು.

ಹುಟ್ಟಿದ್ದು 1908ರ ಮೇ 23, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ತಂದೆ ಚಾರ್ಲ್ಸ್ ಅಲ್ಲಿನ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನ ಮೊದಲ ಡೀನ್. ತಾಯಿ ಆಲ್ತಿಯಾ ಕಲೆಯ ಒಲವಿನವರು, ಶಿಕ್ಷಕಿಯಾಗಿದ್ದವರು. ಮಗನ ಬುದ್ಧಿ ವಯಸ್ಸಿಗಿಂತ ಮುಂದಿದೆ ಎಂದು ಕಂಡು ಮೂರನೇ ತರಗತಿಯಿಂದ ನೇರ ಜೂನಿಯರ್ ಹೈಸ್ಕೂಲಿಗೆ ಸೇರಿಸಿದರು. ತನಗಿಂತ ದೊಡ್ಡ ಹುಡುಗರ ನಡುವೆ ಕೂತ ಸಣ್ಣವ ಮಾತು ಕಡಿಮೆ ಮಾಡಿದ್ದರೆ ಆಶ್ಚರ್ಯವಿಲ್ಲ. ಜಾನ್‌ಗೆ ಇನ್ನೂ 12 ತುಂಬಿರಲಿಲ್ಲ, ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. 15ಕ್ಕೆ ಹೈಸ್ಕೂಲ್ ಮುಗಿಯಿತು. ಅಲ್ಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ 1928ಕ್ಕೆ ಪದವಿ, 1929ಕ್ಕೆ ಮಾಸ್ಟರ್ಸ್. ಬಳಿಕ ಪಿಟ್ಸ್‌ಬರ್ಗ್‌ನ ಗಲ್ಫ್ ತೈಲ ಕಂಪನಿಯ ಸಂಶೋಧನಾಲಯದಲ್ಲಿ ಮೂರು ವರ್ಷ, ನೆಲದಡಿಯ ಎಣ್ಣೆ ಹುಡುಕುವ ಲೆಕ್ಕ. ಮಹಾ ಆರ್ಥಿಕ ಕುಸಿತದ ನಡುವೆ ಗಟ್ಟಿ ನೌಕರಿ ಕೈಯಲ್ಲಿತ್ತು. 1933ರಲ್ಲಿ ಅದನ್ನು ಬಿಟ್ಟು ಪ್ರಿನ್ಸ್‌ಟನ್‌ಗೆ ಓದಲು ಹೋದರು. ಯೂಜೀನ್ ವಿಗ್ನರ್ ಕೈಕೆಳಗೆ ಘನವಸ್ತುಗಳೊಳಗಿನ ಎಲೆಕ್ಟ್ರಾನ್‌ಗಳ ನಡೆ ಕಲಿತರು. ಹಾರ್ವರ್ಡ್, ಮಿನ್ನೆಸೋಟ, ಯುದ್ಧಕಾಲದಲ್ಲಿ ನೌಕಾಪಡೆಯ ಪ್ರಯೋಗಾಲಯ. 1938ರಲ್ಲಿ ಜೇನ್ ಮ್ಯಾಕ್ಸ್‌ವೆಲ್ ಜೊತೆ ಮದುವೆ, ಮುಂದೆ ಮೂವರು ಮಕ್ಕಳು.

1945ರ ಅಕ್ಟೋಬರ್‌ನಲ್ಲಿ ಬೆಲ್ ಪ್ರಯೋಗಾಲಯಕ್ಕೆ ಬಂದಾಗ ಅಲ್ಲಿ ಜಾಗದ ಅಭಾವ. ಕೋಣೆ ಹಂಚಿಕೊಳ್ಳಬೇಕಾಯಿತು. ಹಾಗೆ ಜೊತೆಯಾದವರು ಬ್ರಟೈನ್. ಗುಂಪಿನ ಮುಖ್ಯಸ್ಥ ವಿಲಿಯಂ ಶಾಕ್ಲಿ. ಬುದ್ಧಿಯೂ ಬೆಂಕಿ, ಮಹತ್ವಾಕಾಂಕ್ಷೆಯೂ ಬೆಂಕಿ. ಅರೆವಾಹಕದ ಚೂರಿನ ಹತ್ತಿರ ಒಂದು ವಿದ್ಯುತ್ ಫಲಕ ಹಿಡಿದು, ಅದರ ಒತ್ತಡದಿಂದ ಒಳಗಿನ ಪ್ರವಾಹವನ್ನು ಹತೋಟಿ ಮಾಡಬಹುದು ಎಂದು ಶಾಕ್ಲಿ ಲೆಕ್ಕ ಹಾಕಿದ್ದರು. ಲೆಕ್ಕ ಸರಿ, ಪ್ರಯೋಗ ಮಾತ್ರ ಪ್ರತಿ ಸಲ ಸೋಲುತ್ತಿತ್ತು. ಏಕೆ ಎಂದು ಕಂಡುಹಿಡಿದವರು ಬಾರ್ಡೀನ್.

ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಈ ಭೌತಶಾಸ್ತ್ರ ಸುಲಭ. ಬಾಗಿಲಲ್ಲಿ ನೇತಾಡುವ ಗುಂಪು ಇರುತ್ತದಲ್ಲ, ಪ್ಲಾಟ್‌ಫಾರ್ಮಿನ ನೂಕು ಎಷ್ಟೇ ಇರಲಿ ಅದೆಲ್ಲ ಆ ಗುಂಪಿನ ಬೆನ್ನಿನ ಮೇಲೇ ಮುಗಿದುಹೋಗುತ್ತದೆ. ಒಳಗೆ ಸೀಟುಗಳ ನಡುವೆ ನಿಂತವನಿಗೆ ಏನೂ ತಟ್ಟುವುದಿಲ್ಲ. ಹಾಗೆಯೇ ಜರ್ಮೇನಿಯಂನ ಮೇಲ್ಮೈಯಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳು ಹೊರಗಿನ ಒತ್ತಡವನ್ನು ತಾವೇ ತಡೆದುಬಿಡುತ್ತಿದ್ದವು. 1946ರಲ್ಲಿ ಬಾರ್ಡೀನ್ ಇದನ್ನು ವಿವರಿಸಿದ ಮೇಲೆ ಕೆಲಸದ ದಾರಿಯೇ ಬದಲಾಯಿತು. 1947ರ ನವೆಂಬರ್ ಮಧ್ಯದಿಂದ ಒಂದೇ ತಿಂಗಳಲ್ಲಿ ಇಬ್ಬರೂ ಮೇಲ್ಮೈಯ ತಡೆಯನ್ನು ದಾಟುವ ಉಪಾಯ ಹುಡುಕುತ್ತ ಬೇರೆಯೇ ಒಂದು ವಿದ್ಯಮಾನವನ್ನು ಮುಟ್ಟಿದರು. ಒಂದು ಸೂಜಿಮೊನೆಯಿಂದ ಒಳಗೆ ಬಿಟ್ಟ ಅಲ್ಪ ಪ್ರವಾಹ, ಕೂದಲೆಳೆಯಷ್ಟು ಪಕ್ಕದ ಇನ್ನೊಂದು ಮೊನೆಯ ದೊಡ್ಡ ಪ್ರವಾಹವನ್ನು ಆಡಿಸತೊಡಗಿತು. ಅದು ಡಿಸೆಂಬರ್ 16. ಆ ಸಂಜೆ ಬಾರ್ಡೀನ್ ಮನೆಗೆ ಬಂದು, ಅಡುಗೆಮನೆಯಲ್ಲಿ ಕ್ಯಾರೆಟ್ ಹೆರೆಯುತ್ತಿದ್ದ ಜೇನ್‌ಗೆ ಇವತ್ತು ಏನೋ ಸಿಕ್ಕಿದೆ ಎಂದಷ್ಟೇ ಗೊಣಗಿದರು. ಅವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಇದನ್ನು ಇಷ್ಟು ಹಚ್ಚಿಕೊಂಡು ಬರೆಯಲು ಕಾರಣವಿದೆ. ಊರಿನಿಂದ ತಂದ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಕ್ಯಾಸೆಟ್‌ಗಳನ್ನು ಕೇಳಲೆಂದು ಡೊಂಬಿವಲಿಯ ಮನೆಯಲ್ಲಿ ಒಂದು ಪ್ರಿಆಂಪ್ ಕಟ್ಟಿದ್ದೇನೆ. ನನ್ನ ಹಳೆಯ ಡೆಕ್ ಕೊಡುವುದು 100 ಮಿಲಿವೋಲ್ಟ್ ಆಸುಪಾಸು, ಆಂಪ್ಲಿಫಯರ್ ಬಯಸುವುದು ಒಂದು ವೋಲ್ಟ್‌ನ ಹತ್ತಿರ. ನಡುವೆ ಹತ್ತು ಪಟ್ಟಿನ ಕಂದಕ. ಅದನ್ನು ತುಂಬಲು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಬಿಸಿ 549 ಟ್ರಾನ್ಸಿಸ್ಟರ್ ಒಂದು ಸಾಕು. 12 ವೋಲ್ಟ್ ಸಪ್ಲೈ. ಕಲೆಕ್ಟರ್‌ಗೆ 4.7 ಕಿಲೋ ಓಮ್, ಎಮಿಟರ್‌ಗೆ 470 ಓಮ್. ಬೇಸ್ ಅನ್ನು ಸುಮಾರು 1.1 ವೋಲ್ಟ್‌ನಲ್ಲಿ ಕೂರಿಸಲು ಮೇಲೆ 100 ಕಿಲೋ, ಕೆಳಗೆ 10 ಕಿಲೋ. ಒಳಬರುವ ದಾರಿಯಲ್ಲೂ ಹೊರಹೋಗುವ ದಾರಿಯಲ್ಲೂ 10 ಮೈಕ್ರೊಫ್ಯಾರಡ್‌ನ ಒಂದೊಂದು ಕೆಪಾಸಿಟರ್. ಹರಿಯುವ ಪ್ರವಾಹ ಒಂದು ಮಿಲಿಆಂಪಿಯರ್‌ಗಿಂತ ಚೂರು ಕಡಿಮೆ. ಕಲೆಕ್ಟರ್ ಎಂಟು ವೋಲ್ಟ್‌ನ ಸಮೀಪ ನಿಲ್ಲುತ್ತದೆ, ದನಿ ಮೇಲೆ ಕೆಳಗೆ ಆಡಲು ಬೇಕಾದಷ್ಟು ಜಾಗ.

ಇಲ್ಲಿ ಸ್ವಾರಸ್ಯ ಇರುವುದು ಆ 470 ಓಮ್‌ನಲ್ಲಿ. ಅದನ್ನು ಒಂದು ದೊಡ್ಡ ಕೆಪಾಸಿಟರ್‌ನಿಂದ ಬಳಸಿ ಹೋದರೆ ದನಿ 170 ಪಟ್ಟು ಹೆಚ್ಚುತ್ತದೆ, ಜೊತೆಗೆ ವಿಕಾರವೂ ಆಗುತ್ತದೆ. ಬಳಸದೆ ಬಿಟ್ಟರೆ ಹೆಚ್ಚಳ ಒಂಬತ್ತು ಪಟ್ಟಿಗೆ ಇಳಿಯುತ್ತದೆ, ಆದರೆ ದನಿ ಶುದ್ಧ. ಮೇ ತಿಂಗಳ ಸೆಖೆಯಲ್ಲೂ ಜುಲೈನ ಮಳೆಯಲ್ಲೂ ಲೆಕ್ಕ ಹೆಚ್ಚು ಕದಲುವುದಿಲ್ಲ. ಹೆಚ್ಚಿಸಿದ್ದರ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ಶುದ್ಧತೆ ಕೊಳ್ಳುವ ಈ ಉಪಾಯ ಬೆಲ್ ಪ್ರಯೋಗಾಲಯದ್ದೇ. 1927ರ ಆಗಸ್ಟ್ 2ರ ಬೆಳಿಗ್ಗೆ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರ್ ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೆಲಸಕ್ಕೆ ಹೋಗುವಾಗ ಹೊಳೆದು, ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೇ ಬರೆದಿಟ್ಟರು. ನಮ್ಮ ಲೋಕಲ್‌ನಲ್ಲಿ ಪತ್ರಿಕೆ ಬಿಚ್ಚುವಷ್ಟು ಜಾಗ ಸಿಕ್ಕರೆ ಸಾಕಿತ್ತು. ಇನ್ನೊಂದು ಮಾತು: ಪ್ರಿಆಂಪ್ ಸರಣಿಯ ಮೊದಲ ಹಂತ. ಅಲ್ಲಿ ಸೇರಿದ ಸುಯ್ ಸದ್ದನ್ನು ಮುಂದಿನ ಹಂತಗಳೆಲ್ಲ ನಿಷ್ಠೆಯಿಂದ ಹಿಗ್ಗಿಸುತ್ತವೆ. ಹಾಗಾಗಿ ಖರ್ಚು, ಕಾಳಜಿ ಎರಡೂ ಅಲ್ಲೇ ಹೆಚ್ಚು ಬೇಕು.

ಸರಿ, ಬಾರ್ಡೀನ್ ಕಥೆಗೆ ಬರೋಣ. ಪ್ರದರ್ಶನ ಗೆದ್ದಿತು, ನೆಮ್ಮದಿ ಹೋಯಿತು. ತನ್ನ ಗುಂಪಿನ ಇಬ್ಬರು ತಾನಿಲ್ಲದೆ ಇದನ್ನು ಮಾಡಿದರಲ್ಲ ಎಂಬುದು ಶಾಕ್ಲಿಗೆ ನುಂಗಲಾರದ ತುತ್ತು. ಮೂಲ ಕಲ್ಪನೆ ತನ್ನದು, ಪೇಟೆಂಟ್ ತನ್ನ ಹೆಸರಲ್ಲೇ ಆಗಬೇಕು ಎಂದು ಇಬ್ಬರನ್ನೂ ಬೇರೆಬೇರೆ ಕರೆದು ಹೇಳಿದರು. ವಕೀಲರು ಹುಡುಕಿದಾಗ ಆ ಕಲ್ಪನೆಗೆ ಜೂಲಿಯಸ್ ಲಿಲಿಯನ್‌ಫೆಲ್ಡ್ ಎಂಬವರು 1930ರಲ್ಲೇ ಪೇಟೆಂಟ್ ಪಡೆದಿದ್ದು ಹೊರಬಿತ್ತು. ಆಗ ಅರ್ಜಿಯಲ್ಲಿ ಉಳಿದದ್ದು ಬಾರ್ಡೀನ್ ಮತ್ತು ಬ್ರಟೈನ್ ಹೆಸರು ಮಾತ್ರ. ಆದರೂ ಪ್ರಚಾರದ ಫೋಟೊಗಳಲ್ಲೆಲ್ಲ ಶಾಕ್ಲಿ ಇರಲೇಬೇಕೆಂದು ಸಂಸ್ಥೆ ತೀರ್ಮಾನಿಸಿತು. ಅತಿ ಹೆಚ್ಚು ಅಚ್ಚಾದ ಆ ಚಿತ್ರವನ್ನು ನೀವೂ ನೋಡಿರಬಹುದು. ಬ್ರಟೈನ್‌ರ ಮೇಜು, ಬ್ರಟೈನ್‌ರ ಉಪಕರಣ, ಮುಂದೆ ಕೂತು ಸೂಕ್ಷ್ಮದರ್ಶಕ ನೋಡುತ್ತಿರುವವರು ಶಾಕ್ಲಿ, ಇವರಿಬ್ಬರೂ ಹಿಂದೆ ನಿಂತಿದ್ದಾರೆ. ಕಾರ್ಪೊರೇಟ್ ಕಚೇರಿಯಲ್ಲಿ ದುಡಿದ ಯಾರಿಗೂ ಆ ಚಿತ್ರಕ್ಕೆ ವಿವರಣೆ ಬೇಕಾಗದು.

ಶಾಕ್ಲಿಗೂ ನ್ಯಾಯ ಸಲ್ಲಬೇಕು. ಹೊಟ್ಟೆಕಿಚ್ಚಿನ ಬಲದಲ್ಲೇ ಇರಲಿ, ಚಿಕಾಗೊದ ಹೋಟೆಲ್ ಕೋಣೆಯಲ್ಲಿ ಹೊಸವರ್ಷದ ಹೊತ್ತಿಗೆ ಶುರುಮಾಡಿದ ಲೆಕ್ಕ 1948ರ ಜನವರಿ 23ಕ್ಕೆ ಜಂಕ್ಷನ್ ಟ್ರಾನ್ಸಿಸ್ಟರ್ ಆಯಿತು. ಚಿನ್ನದ ಮೊನೆಗಳ ಮೂಲ ಸಾಧನ ಸದ್ದು ಮಾಡುತ್ತಿತ್ತು, ಮುಟ್ಟಿದರೆ ಹಟ ಮಾಡುತ್ತಿತ್ತು, ಕೆಲವೇ ವರ್ಷಗಳಲ್ಲಿ ಮರೆಯಾಯಿತು. ನನ್ನ ಪ್ರಿಆಂಪ್‌ನಲ್ಲಿರುವ ಬಿಸಿ 549 ವಂಶದಲ್ಲಿ ಶಾಕ್ಲಿಯದೇ ಕೂಸು. ಆದರೆ ಆ ವಂಶಕ್ಕೆ ಬೇಕಾದ ಮೂಲ ಸತ್ಯವನ್ನು ಹೊರಗೆಳೆದದ್ದು ಹಿಂದೆ ನಿಂತಿದ್ದ ಇಬ್ಬರು.

ಮುಂದಿನ ಮೂರು ವರ್ಷ ಬಾರ್ಡೀನ್‌ಗೆ ಹೊಸ ಟ್ರಾನ್ಸಿಸ್ಟರ್‌ನ ಕೆಲಸದಲ್ಲಿ ಜಾಗವಿರಲಿಲ್ಲ. ಮುಖ್ಯ ಪ್ರಶ್ನೆಗಳನ್ನು ಶಾಕ್ಲಿ ತನಗೂ ತನ್ನ ಆಪ್ತರಿಗೂ ಇಟ್ಟುಕೊಂಡರು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ಬಾರ್ಡೀನ್‌ಗೆ ಬಾಯಿರಲಿಲ್ಲ. ಆದರೆ ಅವರು ಸುಮ್ಮನೆ ಸಹಿಸಿದರು ಎಂದು ಬರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. 1951ರ ಮೇ ತಿಂಗಳಲ್ಲಿ ಸಂಸ್ಥೆಯ ಅಧ್ಯಕ್ಷ ಮರ್ವಿನ್ ಕೆಲ್ಲಿಗೆ ಅವರು ಲಿಖಿತವಾಗಿ ಕಾರಣ ಕೊಟ್ಟರು. ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಗುಂಪಿನ ಕೆಲಸವೆಲ್ಲ ಶಾಕ್ಲಿಯ ಸ್ವಂತ ಯೋಚನೆಗಳಿಗಷ್ಟೇ ಮೀಸಲಾಯಿತು ಎಂಬುದು ಅದರ ತಿರುಳು. ದನಿ ಏರಿಸದೆ, ಮೇಲಿನವರಿಗೆ ಅರ್ಥವಾಗುವ ಹಾಗೆ. ಆಮೇಲೆ ಹೆಂಡತಿ ಮಕ್ಕಳೊಂದಿಗೆ ಜೋಳದ ಹೊಲಗಳ ನಡುವಿನ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟರು. ಲೋಕದ ಅತ್ಯುತ್ತಮ ಪ್ರಯೋಗಾಲಯ ಬಿಟ್ಟು ಅರ್ಬಾನಾ-ಶಾಂಪೇನ್ ಎಂಬ ಸಣ್ಣ ಊರಿಗೆ. ಮುಂದಿನ 40 ವರ್ಷ ಅಲ್ಲೇ ಇದ್ದರು.

ಅವರು ಬಿಟ್ಟುಬಂದ ವಸ್ತು ಅಷ್ಟರಲ್ಲಿ ಜಗತ್ತಿಗಿಳಿಯಿತು. ಕಿವಿ ಮಂದವಾದವರ ಶ್ರವಣಯಂತ್ರಗಳಿಗೆ ರಾಯಧನ ಬೇಡವೆಂದು ಬೆಲ್ ಬಿಟ್ಟುಕೊಟ್ಟಿತು, 1952ರ ಕೊನೆಗೆ ಮೊದಲು ಮಾರುಕಟ್ಟೆಗೆ ಬಂದದ್ದೂ ಅವೇ. 1954ಕ್ಕೆ ಜೇಬಿನ ರೇಡಿಯೊ. ನಮ್ಮಲ್ಲಿ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು, 1967ರಲ್ಲಿ ಸಿಲಿಕಾನಿನವನ್ನು ತಯಾರಿಸತೊಡಗಿತು. ಅಟ್ಟದ ಮೇಲಿನ ಹಳೆಯ ರೇಡಿಯೊ ಬಿಚ್ಚಿದರೆ ಎಸಿ 128, ಬಿಸಿ 148ಗಳ ಮೇಲೆ ಬಿಇಎಲ್ ಮುದ್ರೆ ಇನ್ನೂ ಕಾಣಿಸೀತು.

1956ರ ನವೆಂಬರ್ 1ರ ಬೆಳಿಗ್ಗೆ ಬಾರ್ಡೀನ್ ಮನೆಯವರಿಗೆ ಮೊಟ್ಟೆ ಹುರಿಯುತ್ತಿದ್ದರು. ರೇಡಿಯೊದಲ್ಲಿ ಸುದ್ದಿ: ಟ್ರಾನ್ಸಿಸ್ಟರ್‌ಗಾಗಿ ಮೂವರಿಗೂ ನೊಬೆಲ್. ಬಾಣಲೆ ಕೈಜಾರಿ ನೆಲಕ್ಕೆ ಬಿತ್ತು. ಸ್ಟಾಕ್‌ಹೋಮ್‌ಗೆ ಮೂವರು ಮಕ್ಕಳಲ್ಲಿ ಒಬ್ಬರನ್ನಷ್ಟೇ ಕರೆದುಕೊಂಡು ಹೋಗಿದ್ದನ್ನು ಸ್ವೀಡನ್‌ನ ರಾಜ ಆಕ್ಷೇಪಿಸಿದಾಗ, ಮುಂದಿನ ಸಲ ಎಲ್ಲರನ್ನೂ ತರುತ್ತೇನೆ ಎಂದು ಬಾರ್ಡೀನ್ ಮಾತು ಕೊಟ್ಟರು. ಎಲ್ಲರೂ ನಕ್ಕಿರಬೇಕು.

ಮನಸ್ಸು ಮಾತ್ರ ಆಗಲೇ ಬೇರೆ ಕಡೆ ಇತ್ತು. ಕೆಲವು ಲೋಹಗಳು ಅತಿ ಶೈತ್ಯದಲ್ಲಿ ಪ್ರತಿರೋಧವನ್ನೇ ಕಳೆದುಕೊಳ್ಳುತ್ತವೆ ಎಂದು 1911ರಲ್ಲಿ ಗೊತ್ತಾಗಿತ್ತು, ಏಕೆ ಎಂಬುದಕ್ಕೆ ಐನ್‌ಸ್ಟೈನ್, ಬೋರ್, ಹೈಸನ್‌ಬರ್ಗ್ ಯಾರಿಂದಲೂ ಉತ್ತರ ಸಿಕ್ಕಿರಲಿಲ್ಲ. ಬಾರ್ಡೀನ್ ಜೊತೆ ಲಿಯಾನ್ ಕೂಪರ್ ಎಂಬ ಯುವಕ, ರಾಬರ್ಟ್ ಶ್ರೀಫರ್ ಎಂಬ ವಿದ್ಯಾರ್ಥಿ. ಪ್ರಗತಿ ಕಾಣದೆ ವಿಷಯ ಬದಲಿಸಲು ಹೊರಟ ಶ್ರೀಫರ್‌ಗೆ, ಸ್ಟಾಕ್‌ಹೋಮ್‌ಗೆ ಹೊರಡುವ ಮುನ್ನ ಬಾರ್ಡೀನ್ ಇನ್ನೊಂದು ತಿಂಗಳು ನೋಡು ಎಂದು ಹೇಳಿದ್ದರು. 1957ರ ಆರಂಭದಲ್ಲಿ ಶ್ರೀಫರ್‌ಗೆ ಮುಖ್ಯ ಸೂತ್ರ ಹೊಳೆದದ್ದು ನ್ಯೂಯಾರ್ಕ್‌ನ ಸಬ್‌ವೇ ರೈಲಿನಲ್ಲಿ. ಎಲೆಕ್ಟ್ರಾನ್‌ಗಳು ಜೋಡಿಯಾಗಿ, ಎಲ್ಲ ಜೋಡಿಗಳೂ ಒಂದೇ ಲಯದಲ್ಲಿ ಸಾಗಿದಾಗ ಅವನ್ನು ತಡೆಯುವವರಿಲ್ಲ. 46 ವರ್ಷದ ಒಗಟು ಬಿಡಿಸಿತು. ಠಾಣೆ, ಕಲ್ಯಾಣದ ಎಂಆರ್‌ಐ ಸೆಂಟರ್‌ಗಳಲ್ಲಿ ದ್ರವ ಹೀಲಿಯಂನಲ್ಲಿ ಮುಳುಗಿ ಕೂತ ಅಯಸ್ಕಾಂತಗಳು ಕೆಲಸ ಮಾಡುವುದು ಇದೇ ಗುಣದಿಂದ.

ಆ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದ ಭೌತವಿಜ್ಞಾನಿಗಳ ಸಭೆಯಲ್ಲಿ ಇದನ್ನು ಮೊದಲು ಹೇಳಬೇಕಾಗಿತ್ತು. ಬಾರ್ಡೀನ್ ಹೋಗಲಿಲ್ಲ. ತಾನು ವೇದಿಕೆಯಲ್ಲಿದ್ದರೆ ಹುಡುಗರ ಹೆಸರು ಹಿಂದೆ ಸರಿಯುತ್ತದೆ ಎಂಬುದು ಕಾರಣ. ಮರ್ರೆ ಹಿಲ್‌ನ ಆ ಫೋಟೊದಲ್ಲಿ ಹಿಂದೆ ನಿಂತವರು ಈಗ ಫೋಟೊದಿಂದಲೇ ಹೊರಗುಳಿದರು. ಒಂದೇ ಶಾಸ್ತ್ರದಲ್ಲಿ ಒಬ್ಬರಿಗೆ ಎರಡನೇ ನೊಬೆಲ್ ಕೊಟ್ಟ ರೂಢಿ ಇರಲಿಲ್ಲ. ತನ್ನಿಂದಾಗಿ ಆ ಇಬ್ಬರಿಗೂ ತಪ್ಪಿಹೋಗಬಹುದೆಂಬ ಚಿಂತೆ ವರ್ಷಗಟ್ಟಲೆ ಅವರನ್ನು ಕಾಡಿತು. ಹಾಗೆಂದು ಅವರನ್ನು ದೇವರ ಪಟವಾಗಿಸಬೇಕಿಲ್ಲ. 1962ರಲ್ಲಿ ಬ್ರಯನ್ ಜೋಸೆಫ್ಸನ್ ಎಂಬ 22ರ ತರುಣ, ಅತಿವಾಹಕದ ಜೋಡಿಗಳು ನಿರೋಧಕ ಪದರವನ್ನೂ ದಾಟುತ್ತವೆ ಎಂದಾಗ ಬಾರ್ಡೀನ್ ಅಚ್ಚಿನಲ್ಲೇ ಅಲ್ಲಗಳೆದರು. ತಪ್ಪಿದ್ದು ಹಿರಿಯರೇ. ಪ್ರಯೋಗದ ಸಾಕ್ಷ್ಯ ಬಂದ ಮೇಲೆ ಆಕ್ಷೇಪ ಹಿಂತೆಗೆದುಕೊಂಡರು.

1972ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಮೂವರಿಗೂ ನೊಬೆಲ್ ಬಂತು. ಸುದ್ದಿಯ ದಿನ ಪತ್ರಿಕಾಗೋಷ್ಠಿಗೆ ಹೊರಟರೆ ಮನೆಯ ಗ್ಯಾರೇಜಿನ ಬಾಗಿಲು ತೆರೆಯಲೇ ಇಲ್ಲ. ಕೈಕೊಟ್ಟದ್ದು ಅದರ ಟ್ರಾನ್ಸಿಸ್ಟರ್ ಸರ್ಕಿಟ್! ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ಗೆ ಮೂವರು ಮಕ್ಕಳನ್ನೂ ಕರೆದುಕೊಂಡು ಹೋದರು. ಊರಿಗೆ ಮರಳಿ ಎಂದಿನಂತೆ ಗಾಲ್ಫ್ ಆಡಿದರು.

ಶಾಕ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿಯಿಂದ 1957ರಲ್ಲಿ ಎಂಟು ಜನ ಒಟ್ಟಿಗೇ ಹೊರನಡೆದರು. ಸಿಲಿಕಾನ್ ಕಣಿವೆಯ ಕಥೆ ಶುರುವಾದದ್ದು ಅಲ್ಲಿಂದ. ಜನಾಂಗಗಳ ಬುದ್ಧಿಮತ್ತೆಯ ಬಗ್ಗೆ ಹೀನ ವಾದಗಳನ್ನು ಸಾರುತ್ತ, ಹಳೆಯ ಗೆಳೆಯರನ್ನೆಲ್ಲ ಕಳೆದುಕೊಂಡು 1989ರಲ್ಲಿ ತೀರಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು ಬ್ರಟೈನ್ ಹೋಗಿದ್ದರು. ಬಾರ್ಡೀನ್ 1991ರ ಜನವರಿ 30ರಂದು, ಬಾಸ್ಟನ್‌ಗೆ ಚಿಕಿತ್ಸೆಗೆ ಹೋಗಿದ್ದಾಗ, 82ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಟ್ರಾನ್ಸಿಸ್ಟರ್ ರೇಡಿಯೊದಿಂದ ಬೆಳೆದ ಸೋನಿ ಕಂಪನಿ ಅವರ ಕೊನೆಯ ವರ್ಷಗಳಲ್ಲಿ 30 ಲಕ್ಷ ಡಾಲರ್ ಕೊಟ್ಟು ಇಲಿನಾಯ್‌ನಲ್ಲಿ ಅವರ ಹೆಸರಿನ ಪೀಠ ಸ್ಥಾಪಿಸಿತು. ಮೊದಲು ಅದರಲ್ಲಿ ಕೂತವರು ಅವರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು, ಕೆಂಪು ಎಲ್‌ಇಡಿ ಮಾಡಿದ ನಿಕ್ ಹೊಲೊನ್ಯಾಕ್.

ಬೆಲ್‌ನಿಂದ ಬರುವಾಗ ಬಾರ್ಡೀನ್ ಒಂದು ಪುಟ್ಟ ಸಂಗೀತ ಪೆಟ್ಟಿಗೆ ತಂದಿದ್ದರು. ಚಿನ್ನದ ಮೊನೆಯ ವಂಶದ ಎರಡು ಟ್ರಾನ್ಸಿಸ್ಟರ್ ಅದರಲ್ಲಿ. ಒಂದು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಹಿಗ್ಗಿಸುತ್ತದೆ. ಪಾಠದಲ್ಲಿ ಟ್ರಾನ್ಸಿಸ್ಟರ್ ವಿಷಯ ಬಂದಾಗ ಅದನ್ನು ಮೇಜಿನ ಮೇಲಿಟ್ಟು, ತಾವು ಸುಮ್ಮನಾಗಿ, ಅದನ್ನು ಹಾಡಲು ಬಿಡುತ್ತಿದ್ದರು. ಆ ಪೆಟ್ಟಿಗೆ ಇಲಿನಾಯ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ.